ಅಕ್ಬರಬಿ ಕೊಡಬೇಕಿದ್ದ ಘುಟ್ಟಿ

ಅಕ್ಬರಬಿಯ ಹೊಟ್ಟೆಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದೊಡ್ಡ ಹೆಸರಿತ್ತು. ಹೊಟ್ಟೆಗೂ ಹೆಸರು ಬರುತ್ತದೆಯೇ ಎಂದು ನಗಬೇಡಿ. ಒಬ್ಬರಿಗೆ ಕಂಠ, ಇನ್ನೊಬ್ಬರಿಗೆ ಕೈಗುಣ ಕೊಟ್ಟ ದೇವರು ಆಕೆಗೆ ಹೊಟ್ಟೆ ಕೊಟ್ಟಿದ್ದ. ದಲಾಲಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹತ್ತಾರು ಹೆಂಗಸರ ನಡುವೆ ಕಾಲು ಚಾಚಿ ಕುಳಿತು ಆಕೆ ದಿನವೆಲ್ಲ ಕೆಂಪು ರಾಶಿಯ ತೊಟ್ಟು ಬಿಡಿಸುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ನಿನ್ನೆಯ ರೊಟ್ಟಿ, ಮೊನ್ನೆಯ ಖಾರ, ಹುಳಿ ಬಂದ ಮಜ್ಜಿಗೆ, ಯಾವುದಕ್ಕೂ ಮುಖ ಸಿಂಡರಿಸುತ್ತಿರಲಿಲ್ಲ. ಒಮ್ಮೆ ಮದುವೆಯ ಊಟ ಉಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದಾಗ ಅಕ್ಬರಬಿಯೊಬ್ಬಳು ಮರುದಿನ ಮುಂಜಾನೆ ಉಳಿದ ಬಿರಿಯಾನಿ ಕೇಳಲು ಹೋಗಿದ್ದಳೆಂದು ಪಕ್ಕದಲ್ಲಿ ಕೂಡುವ ಗುಡ್ಡವ್ವ ಇಂದಿಗೂ ಹೇಳುತ್ತಾಳೆ. ಅಕ್ಬರಬಿ ಅದನ್ನು ಅಲ್ಲಗಳೆಯುವುದಿಲ್ಲ. ಬಿರಿಯಾನಿ ಚಲೋ ಇತ್ತು ಎಂದಷ್ಟೇ ಸೇರಿಸುತ್ತಾಳೆ.

ಈ ಹೆಸರಿನಿಂದಾಗಿಯೇ ಆಕೆಗೊಂದು ಪದವಿಯೂ ಬಂದಿತ್ತು. ಅವರ ಓಣಿಯಲ್ಲಿ ಕೂಸು ಹುಟ್ಟಿದರೆ ಮೊದಲು ಘುಟ್ಟಿ ಕೊಡುವ ಪದ್ಧತಿ. ಹಿರಿಯರೊಬ್ಬರು ಖರ್ಜೂರವನ್ನು ಬಾಯಿಗೆ ಹಾಕಿಕೊಂಡು ನುಣ್ಣಗೆ ಅಗಿದು, ಅದರ ರಸವನ್ನು ಬೆರಳ ತುದಿಯಿಂದ ಕೂಸಿನ ಅಂಗುಳಕ್ಕೆ ಹಚ್ಚುತ್ತಾರೆ. ಘುಟ್ಟಿ ಕೊಟ್ಟವರ ಗುಣವೇ ಕೂಸಿಗೆ ಬರುತ್ತದೆಂದು ನಂಬಿಕೆ. ಹಾಗಾಗಿ ಸಿಡುಕರನ್ನೂ ಸೋಮಾರಿಗಳನ್ನೂ ಆ ಹೊತ್ತಿಗೆ ಉಪಾಯವಾಗಿ ಬೇರೆ ಕೆಲಸಕ್ಕೆ ಅಟ್ಟುತ್ತಾರೆ. ಅಕ್ಬರಬಿಗೆ ಮಾತ್ರ ಮನೆಮನೆಯಿಂದ ಕರೆ ಬರುತ್ತಿತ್ತು. ನಗುಮುಖ, ಗಟ್ಟಿ ಹೊಟ್ಟೆ. ಕೂಸಿಗೆ ಇನ್ನೇನು ಬೇಕು? ತಮ್ಮ ಕಡೆ ಈ ಪದ್ಧತಿ ಇಲ್ಲದಿದ್ದರೂ ಗುಡ್ಡವ್ವ ತನ್ನ ಮಗ ನಾಗಪ್ಪ ಹುಟ್ಟಿದಾಗ ಆಕೆಯನ್ನು ಕರೆಸಿಕೊಂಡಿದ್ದಳು. ನಾಗಪ್ಪ ಈಗ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ. ಅವನು ರೊಟ್ಟಿ ಉಣ್ಣುವುದನ್ನು ಒಮ್ಮೆ ಕಂಡವರು ಘುಟ್ಟಿಯ ಬಗ್ಗೆ ಸಂಶಯ ತೆಗೆಯುವುದಿಲ್ಲ.

ಆದರೆ ಸ್ವಂತ ಮನೆಯಲ್ಲಿ ಆಕೆಗೆ ಆ ಭಾಗ್ಯ ಸಿಕ್ಕಿರಲಿಲ್ಲ. ಒಬ್ಬನೇ ಮಗ ಜಾಕೀರ್ ಹುಟ್ಟಿದಾಗ ಘುಟ್ಟಿ ಕೊಟ್ಟವರು ಆಕೆಯ ಮಾವ. ಆ ಪುಣ್ಯಾತ್ಮರು ಮಳೆ ಬಂದರೂ ಚಿಂತೆ, ಬಾರದಿದ್ದರೂ ಚಿಂತೆ ಮಾಡುತ್ತಿದ್ದವರು. ಜಾಕೀರನೂ ತದ್ವತ್ ಹಾಗೆಯೇ ಆದ. ಸರಕಿನ ಗಾಡಿ ಓಡಿಸುವ ಅವನು, ಮನೆಗೆ ಬಂದ ಮೇಲೂ ಗಾಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೊರಗೆ ಹೋಗಿ ನೋಡಿಬರುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅಕ್ಬರಬಿಗೆ ಉಳಿದಿದ್ದ ಆಸೆ ಒಂದೇ: ಜಾಕೀರನ ಕೂಸಿಗೆ ತಾನೇ ಘುಟ್ಟಿ ಕೊಡಬೇಕು. ಸೊಸೆ ಹೀನಾ ಬಸುರಿಯಾದ ದಿನದಿಂದ ಆಕೆ ಆ ಗಳಿಗೆಯ ದಾರಿ ಕಾಯುತ್ತಿದ್ದಳು.

ಅಷ್ಟರಲ್ಲಿ ಪೇಟೆಯ ದಿನವೊಂದರಂದು ಹಾವೇರಿಯಿಂದ ಸುಧಾರಾಣಿ ಎಂಬ ಹುಡುಗಿ ಶೆಡ್ಡಿಗೆ ಬಂದಳು. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಮನುಷ್ಯನ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿರುತ್ತವೆ, ಅವುಗಳಲ್ಲಿ ಕೆಲವು ಬಹಳ ಉಪಕಾರಿ, ಗಟ್ಟಿ ಹೊಟ್ಟೆಯವರಿಂದ ಅಂಥವನ್ನು ಆರಿಸಿ ಬೆಳೆಸಿದರೆ ಮುಂದೊಂದು ದಿನ ಹೊಟ್ಟೆ ಕೆಟ್ಟವರಿಗೆ ಕೊಡಲು ಬರಬಹುದು ಎಂದು ವಿವರಿಸಿದಳು. ಹೆಂಗಸರೆಲ್ಲ ತಲೆದೂಗಿದರು. ಅದಕ್ಕೆ ನಾವೇನು ಕೊಡಬೇಕು ಎಂದು ಗುಡ್ಡವ್ವ ಕೇಳಿದಳು. ಸುಧಾರಾಣಿ ಚೀಲದಿಂದ ಮುಚ್ಚಳವಿದ್ದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಮುಂಜಾನೆಯ ಸಂಡಾಸನ್ನು ಇದರಲ್ಲಿ ಒಂದಿಷ್ಟು ಹಾಕಿ ಕೊಟ್ಟರೆ ಸಾಕು ಎಂದಳು.

ಆ ಶೆಡ್ಡು ಅಷ್ಟು ಬೇಗ ಖಾಲಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬಳಿಗೆ ನೀರು ಬಿಡುವ ಹೊತ್ತು ನೆನಪಾಯಿತು, ಇನ್ನೊಬ್ಬಳಿಗೆ ಎಮ್ಮೆ ನೆನಪಾಯಿತು, ಗುಡ್ಡವ್ವ ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ರಾಶಿಯ ಪಕ್ಕ ಉಳಿದವಳು ಅಕ್ಬರಬಿ ಒಬ್ಬಳೇ. ಬಿಸಿಲಲ್ಲಿ ಬಂದ ಹುಡುಗಿ, ಖಾರದ ಘಾಟಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಡಬ್ಬಿ ಹಿಡಿದು ನಿಂತದ್ದು ನೋಡಿ ಆಕೆಯ ಕರುಳು ಚುರ್ ಎಂದಿತು. ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಆಕೆಯ ಮನೆತನದ ರೂಢಿ. ಇಂಥದ್ದನ್ನು ಕೇಳಿಕೊಂಡು ಬರುವವರೂ ಇರುತ್ತಾರೆಂದು ಮನೆತನದ ಹಿರಿಯರಿಗೆ ಹೊಳೆದಿರಲಿಲ್ಲ, ಅಷ್ಟೆ.

ಈಚೆಗೆ ಏನಾದರೂ ಗುಳಿಗೆ ನುಂಗಿದ್ದೀರಾ ಎಂದು ಸುಧಾರಾಣಿ ಕೇಳಿದಳು. ಸೋಂಕಿಗೆ ಕೊಡುವ ಗುಳಿಗೆಗಳು ಕೆಟ್ಟ ಜೀವಿಗಳ ಜೊತೆ ಒಳ್ಳೆಯವನ್ನೂ ಕೊಲ್ಲುತ್ತವೆ, ಅಂಥವನ್ನು ತೆಗೆದುಕೊಂಡವರದು ನಡೆಯುವುದಿಲ್ಲ ಎಂದಳು. ಗುಳಿಗೆ ಗುಂಡಗಿರುತ್ತದೋ ಉದ್ದಗಿರುತ್ತದೋ ತನಗೆ ಗೊತ್ತಿಲ್ಲ ಎಂದು ಅಕ್ಬರಬಿ ಎದೆ ತಟ್ಟಿಕೊಂಡಳು.

ಕೊಟ್ಟ ಮಾತೇನೋ ಸರಿ, ಆದರೆ ಅಂಥದ್ದನ್ನು ಹಾಗೆಯೇ ಇನ್ನೊಬ್ಬರ ಕೈಗಿಡುವುದು ಹೇಗೆ? ಮರುದಿನ ಮುಂಜಾನೆ ಆಕೆ ಮೊದಲು ಡಬ್ಬಿಯನ್ನು ನೆಲ ಒರೆಸುವ ಫಿನಾಯಿಲಿನಿಂದ ತಿಕ್ಕಿ ತೊಳೆದಳು. ಕೆಲಸ ಮುಗಿದ ಮೇಲೆ, ಗಂಡ ಈದ್ ದಿನ ಮಾತ್ರ ಹಚ್ಚಿಕೊಳ್ಳುತ್ತಿದ್ದ ಅತ್ತರಿನ ಶೀಶೆಯನ್ನು ಪೆಟ್ಟಿಗೆಯಿಂದ ತೆಗೆದು ತಳದಲ್ಲಿ ಉಳಿದದ್ದನ್ನೆಲ್ಲ ಡಬ್ಬಿಗೆ ಸುರಿದಳು. ಕಸೂತಿ ಹಾಕಿದ ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಳು. ಹಾವೇರಿಯ ಬಸ್ಸಿನಲ್ಲಿ ಅಕ್ಕಪಕ್ಕದವರು ಸುಧಾರಾಣಿಯನ್ನು, ಈ ಅತ್ತರು ಎಲ್ಲಿ ಸಿಗುತ್ತದೆಂದು ಕೇಳಿದರಂತೆ. ಪ್ರಯೋಗಾಲಯದಲ್ಲಿ ಮಾತ್ರ ಆ ಡಬ್ಬಿಯಿಂದ ಒಂದು ಜೀವವೂ ಮೇಲೇಳಲಿಲ್ಲ.

“ಚಾಚಿ, ಅವಕ್ಕ ಅತ್ತರು ಆಗಿಬರಂಗಿಲ್ರಿ. ಇದ್ದದ್ದು ಇದ್ದಂಗ ಕೊಡ್ರಿ” ಎಂದು ಸುಧಾರಾಣಿ ಹೊಸ ಡಬ್ಬಿಯೊಂದಿಗೆ ಮರಳಿ ಬಂದಳು. ಅಕ್ಬರಬಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಇದ್ದದ್ದನ್ನು ಇದ್ದಂತೆ ಕೊಟ್ಟಳು.

ಕೆಲವು ದಿನಗಳ ನಂತರ ಜಾಕೀರನ ಗಾಡಿ ಹಾವೇರಿಗೆ ಹೊರಟಿತ್ತು. ತನ್ನ ಹೊಟ್ಟೆಯವು ಹೇಗಿವೆ ನೋಡಿಬರುತ್ತೇನೆಂದು ಅಕ್ಬರಬಿಯೂ ಹತ್ತಿ ಕುಳಿತಳು. ಸುಧಾರಾಣಿ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದಳು. ಒಳಗೆ ತಿಳಿ ಹಳದಿ ಅಂಟಿನ ಮೇಲೆ ಸಾಬೂದಾಣಿಯಂಥ ಬಿಳಿ ಚುಕ್ಕೆಗಳು. ಹುಳ ಹರಿದಾಡುತ್ತಿರಬಹುದೆಂದು ಅಂಜಿಕೊಂಡೇ ಬಂದಿದ್ದ ಅಕ್ಬರಬಿಗೆ ಅವುಗಳ ಶಿಸ್ತು ನೋಡಿ ಬಲು ಖುಷಿಯಾಯಿತು. ಇವು ಏನು ಉಣ್ಣುತ್ತವೆ ಎಂದು ಕೇಳಿದಳು. ನೀವು ಉಂಡ ಜೋಳದ ರೊಟ್ಟಿಯಲ್ಲಿ, ಕಾಳು ಪಲ್ಲೆಯಲ್ಲಿ ನಿಮಗೆ ಅರಗದೆ ಉಳಿಯುವ ನಾರನ್ನು ಉಣ್ಣುತ್ತವೆ ಎಂದಳು ಸುಧಾರಾಣಿ. ಜಠರದ ಹುಳಿಯಲ್ಲಿ ಇವು ಬದುಕುತ್ತವೆಯೇ, ಪಿತ್ತರಸ ತಾಳುತ್ತವೆಯೇ, ಕೆಟ್ಟವನ್ನು ಒತ್ತರಿಸುತ್ತವೆಯೇ, ಇನ್ನೊಬ್ಬರ ಹೊಟ್ಟೆಗೆ ಹಾಕಿದರೆ ಅಪಾಯವಿಲ್ಲವೇ ಎಂದೆಲ್ಲ ನೋಡಬೇಕು. ವರ್ಷಗಟ್ಟಲೆ ಹಿಡಿಯಬಹುದು, ಕಡೆಗೆ ಏನೂ ಆಗದೆಯೂ ಹೋಗಬಹುದು ಎಂದಳು. ಓದಿದವರ ಬಾಯಲ್ಲಿ ಈ ‘ಬಹುದು’ ಬಹಳ ಎಂದುಕೊಂಡ ಅಕ್ಬರಬಿ, ತನಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಉಳಿದದ್ದನ್ನು ಹಾವೇರಿಯಲ್ಲೇ ಬಿಟ್ಟು ಬಂದಳು.

ಅಂದಿನಿಂದ ಶೆಡ್ಡಿನಲ್ಲಿ ಆಕೆಯ ಮಾತಿನ ಧಾಟಿಯೇ ಬದಲಾಯಿತು. ಊಟಕ್ಕೆ ಕೂತರೆ ‘ನಮ್ಮ ಮಂದಿ ಹಸಿದಾರ’ ಎನ್ನುತ್ತಿದ್ದಳು. ಯಾರಾದರೂ ಉಳಿದ ರೊಟ್ಟಿ ಕೊಟ್ಟರೆ ‘ನಮ್ಮ ಮಂದಿಗೆ ಬಾಳ ಸೇರತೈತಿ’ ಎನ್ನುತ್ತಿದ್ದಳು. ಘುಟ್ಟಿಯ ಗುಟ್ಟು ಈಗ ತನಗೆ ತಿಳಿಯಿತೆಂದೂ ಹೇಳಿದಳು. ಖರ್ಜೂರದ ರಸದ ಜೊತೆ ತನ್ನ ಮಂದಿಯೇ ಕೂಸಿನ ಹೊಟ್ಟೆಗೆ ಹೋಗಿ ಬಿಡಾರ ಹೂಡುತ್ತಾರೆ. ನಾಗಪ್ಪ ಉಣ್ಣುವುದು ಸುಮ್ಮನೆಯೇ? ಗುಡ್ಡವ್ವ ಹೌದೆಂದು ಒಪ್ಪಿಕೊಂಡಳು.

ಹೀನಾಳಿಗೆ ಏಳು ತಿಂಗಳು ತುಂಬಿದಾಗ ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯಲು ರಾಣೆಬೆನ್ನೂರಿನಿಂದ ಅವಳ ತಾಯಿ ಮುಮ್ತಾಜಬಿ ಬಂದಳು. ಬೀಗತಿಯರಿಬ್ಬರೂ ಮಾತನ್ನು ಉರ್ದುವಿನಲ್ಲಿ ಶುರುಮಾಡುತ್ತಿದ್ದರು. ಉರ್ದುವಿನಲ್ಲಿ ಇರುವಷ್ಟು ಹೊತ್ತು ಮರ್ಯಾದೆ. ಕನ್ನಡಕ್ಕೆ ಹೊರಳಿತೆಂದರೆ ಜಗಳ ಹತ್ತಿತೆಂದು ಜಾಕೀರ್ ಎದ್ದು ಹೊರಗೆ ಹೋಗುತ್ತಿದ್ದ. ಆ ದಿನ ಚಹಾ ಮುಗಿಯುವ ಮೊದಲೇ ಕನ್ನಡ ಶುರುವಾಯಿತು. ಘುಟ್ಟಿಯನ್ನು ತನ್ನ ತಮ್ಮ ಕುತುಬುದ್ದೀನನಿಂದ ಕೊಡಿಸುವುದೆಂದು ಮುಮ್ತಾಜಬಿ ಹೇಳಿದಳು. ಕುತುಬುದ್ದೀನ ಹಾವೇರಿಯ ಕೋರ್ಟಿನಲ್ಲಿ ವಕೀಲ. ಮುಮ್ತಾಜಬಿಯ ಮನೆಯವರದು ಬೀಜದ ಅಂಗಡಿ, ಹಾಗಾಗಿ ಆಕೆ ಬೀಜದ ಲೆಕ್ಕದಲ್ಲೇ ಮಾತಾಡಿದಳು. ಒಳ್ಳೆಯ ಬುದ್ಧಿಯ ಬೀಜ ಮನೆಯಲ್ಲೇ ಇರುವಾಗ ಹೊಟ್ಟೆಯ ಬೀಜ ಯಾಕೆ ಬಿತ್ತಬೇಕು ಎಂದಳು. ಬುದ್ಧಿ ಇದ್ದು ಉಂಡದ್ದು ಅರಗದಿದ್ದರೆ ಆ ವಕೀಲಿಕೆ ಇಟ್ಟುಕೊಂಡು ಏನು ಮಾಡುವುದು ಎಂದು ಅಕ್ಬರಬಿ ಕೇಳಿದಳು.

ಕೂಸು ಯಾರಂತಾಗಬೇಕೆಂದು ಇಬ್ಬರೂ ಜಗ್ಗಾಡುತ್ತಿದ್ದಾಗ ಹೀನಾ ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದಳು. ಅವಳು ಮಾತಾಡುವುದೇ ಅಪರೂಪ. ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಾಗದಷ್ಟು ಮೆಲ್ಲಗೆ ಓಡಾಡುವ ಹುಡುಗಿ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳೇ ಬಟ್ಟೆಯಿಂದ ಕಣ್ಣೆತ್ತದೆ, “ನಮ್ಮ ಅತ್ತಿ ಕೊಡಲಿ” ಎಂದಳು. ಮುಮ್ತಾಜಬಿ ಆರಿದ ಚಹಾ ಕೈಗೆತ್ತಿಕೊಂಡು ಉರ್ದುವಿಗೆ ಮರಳಿದಳು. ಅಕ್ಬರಬಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪಾಯಿತು.

ಗೆದ್ದದ್ದೇನೋ ಗೆದ್ದಳು, ಆದರೆ ಅಷ್ಟರಲ್ಲಾಗಲೇ ಎಡದವಡೆಯ ಹಲ್ಲೊಂದು ಒಳಗೊಳಗೇ ತಕರಾರು ತೆಗೆದಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಹೀನಾ ತವರಿಗೆ ಹೋಗುವ ಮೊದಲಿನ ದಿನಗಳಲ್ಲಿ ಒಂದು ಮಾತೂ ಕೇಳದೆ, ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ ಅತ್ತೆಯ ಮುಂದೆ ಇಡತೊಡಗಿದ್ದಳು. ಅಕ್ಬರಬಿಯೂ ಏನೂ ಹೇಳದೆ ಉಂಡಿದ್ದಳು. ಸೊಸೆ ಹೋದ ಮೇಲೆ ನೋವು ಜೋರಾಯಿತು. ಆಕೆ ದವಡೆಗೆ ಲವಂಗ ಇಟ್ಟುಕೊಂಡು ತೊಟ್ಟು ಬಿಡಿಸಿದಳು. ಎಂದೂ ಹಾಸಿಗೆ ಹಿಡಿಯದವಳೆಂಬ ಹೆಸರಿಗೆ ಹಲ್ಲಿನಿಂದ ಕುಂದು ಬರಬಾರದೆಂಬುದು ಒಂದು. ಇನ್ನೊಂದು, ಡಾಕ್ಟರ ಬಳಿ ಹೋದರೆ ಗುಳಿಗೆ ಕೊಡುತ್ತಾರೆ. ಗುಳಿಗೆ ಹೋಗಿ ತನ್ನ ಮಂದಿಯನ್ನೆಲ್ಲ ಕೊಂದುಹಾಕಿದರೆ ಮೊಮ್ಮಗುವಿಗೆ ಕೊಡಲು ಏನು ಉಳಿಯುತ್ತದೆ? ಹೆರಿಗೆಯಾಗುವವರೆಗೆ ಹೇಗಾದರೂ ತಡೆದುಕೊಳ್ಳಬೇಕೆಂದು ಆಕೆ ಹಲ್ಲು ಕಚ್ಚಿದಳು, ಅದೂ ಬಲಗಡೆಯಿಂದ ಮಾತ್ರ.

ಮತ್ತೊಂದು ಡಬ್ಬಿಗಾಗಿ ಮನೆಗೆ ಬಂದ ಸುಧಾರಾಣಿ ಕೆನ್ನೆಯ ಬಾವು ನೋಡಿ ಬಿಡಲಿಲ್ಲ. ಕಿಟಕಿಯ ಬಳಿ ಕೂರಿಸಿ ಬಾಯಿ ತೆಗೆಸಿದಳು. ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ನಾಳೆಯೇ ಹಲ್ಲಿನ ಡಾಕ್ಟರ ಬಳಿ ಹೋಗಿ, ಗುಳಿಗೆ ಕೊಟ್ಟರೆ ನುಂಗಿ, ನನ್ನ ಸಂಶೋಧನೆ ಹೋದರೆ ಹೋಗಲಿ ಎಂದು ಗದರಿದಳು. ಅಕ್ಬರಬಿ ಆಗಲೇ ಘುಟ್ಟಿಯ ಕತೆಯನ್ನೆಲ್ಲ ಅವಳ ಮುಂದೆ ಬಿಚ್ಚಿಟ್ಟದ್ದು. ಅದೊಂದು ಆಗಿಬಿಡಲಿ, ಆಮೇಲೆ ಬೊಗಸೆ ತುಂಬ ಗುಳಿಗೆ ನುಂಗುತ್ತೇನೆ ಎಂದಳು. ಸುಧಾರಾಣಿ ತಂದಿದ್ದ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದಳು.

“ಚಾಚಿ, ನಿಮ್ಮ ಮಂದಿ ಇರೂದು ಕರುಳಿನ್ಯಾಗ್ರಿ. ಬಾಯಾಗ ಇರೋರು ಬ್ಯಾರೆ. ಖರ್ಜೂರದ ಜೋಡಿ ಕೂಸಿಗೆ ಹೋಗೂದು ಬಾಯಾಗಿಂದು. ಈಗ ನಿಮ್ಮ ಬಾಯಾಗ ಇದ್ದದ್ದು ಕೂಸಿಗೆ ಹೋಗತೈತ್ರಿ.”

ಈ ಸಲ ಅವಳ ಮಾತಿನಲ್ಲಿ ‘ಬಹುದು’ ಇರಲಿಲ್ಲ. ಅಕ್ಬರಬಿ ಅದನ್ನು ಗಮನಿಸಿದಳು. ಹುಟ್ಟಿದ ಕೂಸಿಗೆ ತಾಯಿಯ ಮೊದಲ ಹಳದಿ ಹಾಲೇ ಸಾಕು, ಒಳ್ಳೆಯ ಜೀವಿಗಳಿಗೆ ಬೇಕಾದ ಆಹಾರವೂ ಅದರಲ್ಲೇ ಇರುತ್ತದೆ, ಬೇರೆ ಏನೂ ಬೇಡ ಎಂದು ಸುಧಾರಾಣಿ ಇನ್ನೂ ಹೇಳುತ್ತಿದ್ದಳು. ಅಕ್ಬರಬಿ ಎದ್ದು, ಕೆಲಸಕ್ಕೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದಳು. ಆಕೆಯ ಮನೆಯಿಂದ ಚಹಾ ಕುಡಿಯದೆ ಹೋದ ಮೊದಲ ಅತಿಥಿ ಆ ಹುಡುಗಿ. ದಿನವೆಲ್ಲ ಅಕ್ಬರಬಿಗೆ ಅದು ಚುಚ್ಚುತ್ತಲೇ ಇತ್ತು, ಹಲ್ಲಿಗಿಂತ ಜಾಸ್ತಿ.

ಹಲ್ಲಿನ ಡಾಕ್ಟರನ್ನು ಕಾಣುವ ಮೊದಲೇ ರಾಣೆಬೆನ್ನೂರಿನಿಂದ ಫೋನು ಬಂತು. ಹೀನಾಳಿಗೆ ಬೆಳಗಿನ ಜಾವ ಹೆಣ್ಣು ಕೂಸು ಹುಟ್ಟಿತ್ತು. ಜಾಕೀರ್ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೋಡುವುದನ್ನೂ ಮರೆತು ತಾಯಿಯನ್ನು ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಕದರಮಂಡಲಗಿ ದಾಟುವವರೆಗೂ ಅಕ್ಬರಬಿ ಎಡಗೆನ್ನೆ ಒತ್ತಿಹಿಡಿದು ಕುಳಿತಿದ್ದಳು. ಘುಟ್ಟಿಯ ಆಸೆ ಒಂದು ಕಡೆ ಎಳೆಯುತ್ತಿತ್ತು, ಹುಡುಗಿಯ ಮಾತು ಇನ್ನೊಂದು ಕಡೆ. ಇಷ್ಟು ಕೂಸುಗಳಿಗೆ ಕೊಟ್ಟಿದ್ದೇನೆ, ಏನಾಯಿತು? ಆಗ ಬಾಯಿ ಚೆನ್ನಾಗಿತ್ತು. ಒಂದು ಹನಿಯಲ್ಲಿ ಏನಾಗುತ್ತದೆ? ಆ ಹನಿಯಲ್ಲೇ ಗುಣ ಹೋಗುತ್ತದೆಂದು ಹೇಳುತ್ತ ಬಂದವಳು ನೀನೇ ಅಲ್ಲವೇ? ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದಳು.

ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ವಕೀಲ ಕುತುಬುದ್ದೀನ ಕೂಸಿನ ಕಿವಿಯಲ್ಲಿ ಆಗಷ್ಟೇ ಅಜಾನ್ ಹೇಳಿ ಮುಗಿಸಿದ್ದ. ಎದೆಹಾಲು ಬಿಟ್ಟು ಬಾಯಿಗೆ ಏನೂ ಹಾಕಕೂಡದೆಂದು ಹೇಳಿ ನರ್ಸ್ ಆಚೆ ಹೋಗಿದ್ದಳು. ನರ್ಸು ಹೇಳುವುದು ಹೇಳಲಿ ಎಂದು ಮುಮ್ತಾಜಬಿ ತಟ್ಟೆಯೊಂದನ್ನು ತಂದಳು. ಅದರಲ್ಲಿ ಮದೀನಾಕ್ಕೆ ಹೋಗಿಬಂದವರು ಕೊಟ್ಟಿದ್ದ ಖರ್ಜೂರವೊಂದಿತ್ತು. ಸೋತವಳೆಂಬ ಕಹಿ ಅವಳಲ್ಲಿ ಕಾಣಲಿಲ್ಲ. ತಗೊಳ್ಳಿ ಬೀಗತಿ, ಇದು ನಿಮ್ಮ ಹಕ್ಕು ಎಂದು ಅಚ್ಚ ಉರ್ದುವಿನಲ್ಲಿ ಹೇಳಿ ಮುಂದೆ ಹಿಡಿದಳು.

ಅಕ್ಬರಬಿ ಖರ್ಜೂರ ತೆಗೆದುಕೊಂಡಳು. ಕೂಸು ಬಟ್ಟೆಯೊಳಗಿನಿಂದ ಮುಷ್ಟಿ ಹೊರಗೆ ಹಾಕಿ ತುಟಿ ಚಪ್ಪರಿಸುತ್ತಿತ್ತು. ಕೆಂಪಗೆ, ಮೆತ್ತಗೆ, ಲೋಕದ ಒಂದು ಕಣವೂ ಇನ್ನೂ ಸೋಕದ ಬಾಯಿ. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ಆಕೆ ಖರ್ಜೂರವನ್ನು ತುಟಿಯವರೆಗೂ ಒಯ್ದಳು. ಇನ್ನೊಂದು ಗಳಿಗೆಯಾದರೆ ಬಾಳಿನ ಆಸೆ ಕೈಗೂಡುತ್ತಿತ್ತು, ಯಾರಿಗೂ ಏನೂ ಗೊತ್ತೂ ಆಗುತ್ತಿರಲಿಲ್ಲ. ಆಕೆ ಕೈ ಇಳಿಸಿದಳು.

“ನನ್ನ ಬಾಯಿ ಕೆಟ್ಟೈತ್ರಿ” ಎಂದಳು, ಕನ್ನಡದಲ್ಲಿ. ಜಗಳ ಹತ್ತಿತೆಂದು ಜಾಕೀರ್ ಬಾಗಿಲ ಕಡೆ ಹೊರಟ. ಅಕ್ಬರಬಿ ಕಿಟಕಿಯ ಬೆಳಕಿಗೆ ತಿರುಗಿ, ಇಷ್ಟು ದಿನ ಊರಿಗೆಲ್ಲ ಮುಚ್ಚಿಟ್ಟ ಬಾಯನ್ನು ಬೀಗತಿಯ ಮುಂದೆ ಅಗಲಿಸಿ ತೆರೆದಳು.

ಮುಮ್ತಾಜಬಿ ಬಗ್ಗಿ ನೋಡಿದಳು. ಮೂಗು ಮುರಿಯುತ್ತಾಳೆಂದು ಅಕ್ಬರಬಿ ಎದೆ ಗಟ್ಟಿ ಮಾಡಿಕೊಂಡಿದ್ದಳು. ಮುಮ್ತಾಜಬಿ ಹಾಗೇನೂ ಮಾಡದೆ, ಇಂಥ ಹಲ್ಲಿಟ್ಟುಕೊಂಡು ಇಷ್ಟು ದಿನ ಹೇಗೆ ಉಂಡಿರಿ ಎಂದು ಆಕೆಯ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಸಹಜವಾಗಿ ಎಲ್ಲರ ಕಣ್ಣೂ ಕುತುಬುದ್ದೀನನ ಕಡೆ ಹೊರಳಿತು. ಅಕ್ಬರಬಿಯೂ ನೋಡಿದಳು. ವಕೀಲಸಾಹೇಬರೂ ಒಮ್ಮೆ ಬಾಯಿ ತೆರೆದು ತೋರಿಸಲಿ ಎಂದಳು. ಮುಂಜಾನೆಯಿಂದ ಸಂಜೆಯವರೆಗೆ ಗುಟಕಾ ಜಗಿಯುವ ಕುತುಬುದ್ದೀನ, ಕೋರ್ಟಿನಲ್ಲಿ ಎಂದೂ ಉತ್ತರಕ್ಕೆ ತಡಕಾಡದವನು, ತುಟಿ ಬಿಗಿದು ತಲೆ ಅಲ್ಲಾಡಿಸಿದ. ತನಗೆ ಅಜಾನ್ ಹೇಳಿದ್ದೇ ಸಾಕೆಂದು ಕೈಸನ್ನೆ ಮಾಡಿದ. ಜಾಕೀರ್ ಕೂಡ ನಕ್ಕುಬಿಟ್ಟ.

ಕೂಸಿಗೆ ಮಾತ್ರ ನಗೆಯ ಗೊಡವೆ ಇರಲಿಲ್ಲ, ಅದು ಹಸಿದು ಅಳತೊಡಗಿತು. ಗಂಡಸರು ಹೊರಗೆ ಹೋದರು. ಮುಮ್ತಾಜಬಿ ಬಟ್ಟಲು ತಂದು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲೋಣ, ಅದು ಕೂಸಿಗೆ ಭಾರ ಎಂದಳು. ಅವರಿಬ್ಬರೂ ತಮ್ಮ ಕಾಲದಲ್ಲಿ ಹಾಗೆಯೇ ಚೆಲ್ಲಿದವರು. ಅಕ್ಬರಬಿ ಬಟ್ಟಲನ್ನು ಮೆಲ್ಲಗೆ ಬೀಗತಿಯ ಕೈಯಿಂದ ತೆಗೆದುಕೊಂಡು ಆಚೆ ಇಟ್ಟಳು. ಕೂಸನ್ನು ಎತ್ತಿ ಹೀನಾಳ ಎದೆಗೆ ಹಚ್ಚಿದಳು. ಅದು ಅತ್ತಿತ್ತ ಮೂಗು ತಿಕ್ಕಿ, ತಡಕಾಡಿ, ಕಡೆಗೆ ಕಚ್ಚಿ ಹಿಡಿಯಿತು. ಕೂಸು ಗುಟುಕರಿಸುವುದು ಕೋಣೆಗೆಲ್ಲ ಕೇಳತೊಡಗಿತು.

ಹಾಗಾದರೆ ಈ ಕೂಸಿಗೆ ಘುಟ್ಟಿಯೇ ಆಗಲಿಲ್ಲ, ಇದು ಯಾರ ಗುಣ ಹಿಡಿಯಬೇಕು ಎಂದು ಮುಮ್ತಾಜಬಿ ಪೇಚಾಡಿಕೊಂಡಳು. ಅವಳ ದನಿಯಲ್ಲಿ ನಿಜವಾದ ಚಿಂತೆ ಇತ್ತು.

“ಘುಟ್ಟಿ ಆಗಾಕತ್ತೈತಲ್ರಿ, ನೋಡ್ರಿ” ಎಂದಳು ಅಕ್ಬರಬಿ. “ಇದು ಹೀನಾನ ಹಂಗ ಆಗಲಿ. ಅದಕಿಂತ ಚಲೋ ಗುಣ ನಮ್ಮ ಎರಡೂ ಮನಿಯಾಗ ಯಾರದೈತಿ, ಹೇಳ್ರಿ.”

ಕೂಸು ಅಜ್ಜಿಯ ಹೊಟ್ಟೆ ಹೊತ್ತು ಬರಲಿ, ವಕೀಲನ ಬುದ್ಧಿ ಹೊತ್ತು ಬರಲಿ ಎಂದು ಜಗ್ಗಾಡಿದವರಿಗೆ ಹೆತ್ತವಳ ನೆನಪು ಒಮ್ಮೆಯೂ ಬಂದಿರಲಿಲ್ಲ. ಹೀನಾಳಿಗೂ ಬಂದಿರಲಿಲ್ಲ. ತನ್ನಂತೆ ಇನ್ನೊಂದು ಜೀವ ಆಗಲೆಂದು ಯಾರಾದರೂ ಬಯಸಬಹುದೆಂಬುದು ಅವಳು ತವರಿನಲ್ಲೂ ಕೇಳದ, ಗಂಡನ ಮನೆಯಲ್ಲೂ ಕೇಳದ ಮಾತು. ಹೆರಿಗೆಯ ನೋವಿನಲ್ಲೂ ಹನಿಗೂಡದ ಅವಳ ಕಣ್ಣು ಈಗ ಧಾರೆಧಾರೆಯಾಗಿ ಹರಿಯಿತು. ಕೂಸು ಅದರ ಗೊಡವೆ ಇಲ್ಲದೆ ಕುಡಿಯುತ್ತಲೇ ಇತ್ತು. ಅಕ್ಬರಬಿ ಸೆರಗಿನಿಂದ ಸೊಸೆಯ ಕಣ್ಣೊರೆಸಿದಳು. ಆಮೇಲೆ ತಟ್ಟೆಗೆ ಮರಳಿಸಿದ್ದ ಖರ್ಜೂರದ ಬೀಜ ಬಿಡಿಸಿ, ಹಣ್ಣನ್ನು ಹೀನಾಳ ಬಾಯಿಗಿಟ್ಟಳು.